ಕೋಡಿ ಹತ್ತುವವರು

೨೭-೯-೭೭, ಮಂಗಳವಾರ

ಇವತ್ತೂ ಸೌದೆ ಹಸಿ. ಊದಿ ಊದಿ ಕಣ್ಣು ಕೆಂಪಾಯಿತು. ಅತ್ತೆಗೆ ಕಾಫಿ ಕೊಟ್ಟೆ. "ಸಕ್ರೆ ಹಾಕಿದ್ಯೋ ಇಲ್ವೋ?" ಅಂದರು. ದಿನಾ ಇದೇ ಪ್ರಶ್ನೆ, ದಿನಾ ಎರಡು ಚಮಚ. ಆರು ವರ್ಷದಿಂದ ಇಬ್ಬರು ವಿಧವೆಯರು ಒಂದೇ ಒಲೆಯ ಮುಂದೆ ಕೂತು ಇದನ್ನೇ ಮಾತಾಡುತ್ತಿದ್ದೇವೆ.

ಬಸ್ಸು ಬರಲಿಲ್ಲ. ಮಾಯಸಂದ್ರಕ್ಕೆ ನಡೆದೇ ಹೋದೆ. ಸ್ಕೂಲಿಗೆ ಲೇಟು. ಹೆಡ್‌ಮಾಸ್ಟರ್ ಕರಿಬಸವಯ್ಯನವರು ತಮ್ಮ ವಾಚು ನೋಡಿಕೊಂಡರು. ನಾನೂ ಅವರ ವಾಚನ್ನೇ ನೋಡಿದೆ. ಅಲ್ಲಿಗೆ ಮುಗಿಯಿತು. ಏಳನೇ ಕ್ಲಾಸಿಗೆ ಕಪ್ಪೆಯ ಜೀವನಚಕ್ರ.

ಸಂಜೆ ಬಂದರೆ ಊರು ಖಾಲಿ. ಏರಿ ಕಡೆಯಿಂದ ತಮಟೆ. ಕೆರೆ ತುಂಬಿ ಕೋಡಿ ಬಿದ್ದಿದೆ! ಒಂಬತ್ತು ವರ್ಷದ ಮೇಲೆ. ಬ್ಯಾಗು ಎಸೆದು ಹೊರಟೆ. ಬಾಗಿಲಲ್ಲಿ ಮೈದುನ ಬಸವರಾಜಪ್ಪ. ಪಂಚಾಯ್ತಿ ಚೇರ್ಮನ್ ಆದಮೇಲೆ ಬಾಗಿಲಿಗಿಂತ ಅಗಲ ಆಗಿದ್ದಾನೆ.

"ಅತ್ಗೆ, ನೀವು ಆ ಕಡೀಕೆ ಬರಬ್ಯಾಡಿ. ಹೊಸ ನೀರು. ಬಾಗಿನ ಬಿಡೋವರ್ಗೂ ಮುತ್ತೈದೇರು ಮಾತ್ರ..."

"ನನ್ನ ಗಂಡ ಸತ್ತಿದ್ದು ಕೆರೆಗೆ ಯಾರು ಹೇಳಿದರು?"

"ನಾನೇನ್ ಮಾಡ್ಲಿ? ಊರೋರು ಅಂತಾರೆ."

ಊರವರಂತೆ. ಇವನೇ ಊರು. ಕೊರಳಲ್ಲಿ ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಅಂತ ಭಾಷಣ ಬೇರೆ ಮಾಡುತ್ತಾನೆ. ಮೈಕಿನ ಮುಂದೆ ಇಲ್ಲ, ಮನೆ ಬಾಗಿಲಲ್ಲಿ ಇದೆ.

ಒಳಗೆ ಬಂದು ಅನ್ನಕ್ಕಿಟ್ಟೆ. ನಾಳೆ ಹೋಗೇ ಹೋಗುತ್ತೇನೆ. ಯಾವನು ತಡೆಯುತ್ತಾನೋ ನೋಡೋಣ.

೨೯-೯-೭೭, ಗುರುವಾರ, ಬೆಳಿಗ್ಗೆ

ಹೋದೆ. ನಿನ್ನೆ ಅಲ್ಲ, ಇವತ್ತು. ನಿನ್ನೆ ಧೈರ್ಯ ಸಾಲಲಿಲ್ಲ. ಇಲ್ಲೂ ಸುಳ್ಳು ಬರೆದರೆ ಏನು ಬಂತು.

ಬೆಳಕು ಹರಿಯುವಾಗ ಬಟ್ಟೆ ಗಂಟು ಕಂಕುಳಲ್ಲಿಟ್ಟುಕೊಂಡು ಹೊರಟೆ. ಯಾರಾದರೂ ಕೇಳಿದರೆ ಒಗೆಯೋಕೆ ಅನ್ನಬೇಕು. ಯಾರೂ ಸಿಗಲಿಲ್ಲ.

ಮೊದಲು ಈ ಕೋಡಿ ಒರಟು ಕಲ್ಲಿನ ಕಟ್ಟೆ. ೭೩ರಲ್ಲಿ ರಿಪೇರಿ ಅಂತ ಸಿಮೆಂಟು ಮೆತ್ತಿ ಇಳಿಜಾರು ಮಾಡಿದರು. ತುಂಬಿದ ಕೆರೆಯ ಹೆಚ್ಚಿನ ನೀರು ಅದರ ಮೇಲೆ ಹಾಸಿಕೊಂಡು ಇಳಿದು, ಕೆಳಗಿನ ಗುಂಡಿಗೆ ಬಿದ್ದು, ಹಳ್ಳವಾಗಿ ಶಿಂಷಾ ಕಡೆ ಹೋಗುತ್ತದೆ. ನಡುವೆ ಭೋರ್ ಅನ್ನುತ್ತದೆ. ಎಡ ಅಂಚಿನಲ್ಲಿ ಪಾದ ನೆನೆಯುವಷ್ಟು ನೀರು, ಈ ಮಳೆಗಾಲದ ಪಾಚಿ. ಅಲ್ಲಿ ಬಟ್ಟೆ ಇಟ್ಟೆ. ಪಾಚಿ ಅಲ್ಲಾಡಿತು.

ಬಗ್ಗಿ ನೋಡಿದೆ. ಪಾಚಿ ಅಲ್ಲ. ಮೀನು! ಬೆರಳುದ್ದ. ಶ್ಯಾವಿಗೆ ಎಳೆಯಷ್ಟು ಸಣ್ಣ. ಮೈಯೊಳಗಿನದೆಲ್ಲ ಕಾಣುತ್ತದೆ, ಎರಡು ಕಪ್ಪು ಚುಕ್ಕೆ ಕಣ್ಣು. ಒಂದಲ್ಲ ಎರಡಲ್ಲ, ರಾಶಿ. ಎಲ್ಲವೂ ಮೇಲಕ್ಕೆ ಹೊರಟಿವೆ. ನೀರು ಕೆಳಗೆ ನೂಕುತ್ತಿದೆ, ಇವು ಹೊಟ್ಟೆ ಅಂಟಿಸಿಕೊಂಡು ಗೇಣುದ್ದ ಹತ್ತುತ್ತವೆ, ಸುಧಾರಿಸಿಕೊಳ್ಳುತ್ತವೆ, ಜಾರುತ್ತವೆ. ಮತ್ತೆ ಶುರು.

ಒಂದು ನನ್ನ ಹೆಬ್ಬೆರಳು ದಾಟಿಕೊಂಡು ಹೋಯಿತು. ಇವಳು ಯಾರು, ಮುತ್ತೈದೆಯೋ ಅಲ್ಲವೋ — ಏನೂ ಕೇಳಲಿಲ್ಲ.

ನಗು ಬಂತು. ಜೋರಾಗಿಯೇ ನಕ್ಕೆ. ಬಟ್ಟೆ ಒಗೆಯದೆ ಗಂಟು ವಾಪಸ್.

ಅದೇ ದಿನ, ಸಂಜೆ

ಹೆಡ್‌ಮಾಸ್ಟರಿಗೆ ಹೇಳಿದೆ. ಜುವಾಲಜಿ ಓದಿದವರು, ಆಸಕ್ತಿಯಿಂದಲೇ ಕೇಳಿದರು. "ಹಾವುಮೀನಿನ ಮರಿ ಇರಬಹುದು ಮೇಡಂ. ಆದ್ರೆ ಅವು ಸಮುದ್ರದಲ್ಲಿ ಹುಟ್ಟಿ ಹೊಳೆ ಹತ್ಕೊಂಡು ಬರ್ತವೆ ಅಂತ ನಾವು ಓದಿರೋದು. ಕೆಳಗಡೆ ಅಷ್ಟೊಂದು ಡ್ಯಾಮು ಕಟ್ಟವ್ರೆ. ಹ್ಯಾಗೆ ಬರ್ತವೆ ಹೇಳಿ? ಬೇರೆ ಜಾತಿ ಇರ್ಬೇಕು. ಹಳ್ಳದ ಮರಳಲ್ಲಿ ಹುದುಗಿದ್ದು ಹೊಸ ನೀರಿಗೆ ಎದ್ದಿರ್ಬೇಕು."

"ಎಲ್ಲಿಂದ ಬಂದ್ವೋ ನಾನು ಕಾಣೆ ಸಾರ್. ಎಲ್ಲಿಗೆ ಹೊರಟಿವೆ ಅನ್ನೋದನ್ನ ಕಂಡೆ."

"ಯಾವ ಜಾತಿ ಅಂತ ಗೊತ್ತಾದ್ರೆ ನನಗೂ ಹೇಳಿ" ಅಂದರು. ಜಾತಿ ಕೇಳದೆ ಇರುವುದು ಮೀನು ಮಾತ್ರ.

೩೦-೯-೭೭

ಒಂದು ಮರಿಯೂ ಮೇಲೆ ಮುಟ್ಟುವುದಿಲ್ಲ. ಇವತ್ತು ಕೂತು ಪೂರ್ತಿ ನೋಡಿದೆ. ಪಾಚಿ ಇರುವವರೆಗೆ ಹತ್ತುತ್ತವೆ. ಅರ್ಧಕ್ಕೆ ಪಾಚಿ ಮುಗಿದು ಬರೀ ನುಣ್ಣನೆ ಸಿಮೆಂಟು. ಅಲ್ಲಿಂದ ಜಾರಿ ಗುಂಡಿಗೆ. ಮತ್ತೆ ಹತ್ತಿ, ಮತ್ತೆ ಅದೇ ಜಾಗದಿಂದ ಜಾರಿ ಗುಂಡಿಗೆ. ಬಿಸಿಲೇರಿದ ಮೇಲೆ ಅಂಚಿಗೆ ಬಂದವು ಅಂಟಿಕೊಂಡು ಒಣಗಿದವು. ಬೆಳ್ಳಕ್ಕಿಗಳು ಸಾಲಾಗಿ ನಿಂತು ಹೆಕ್ಕಿದವು.

ಕೋಡಿ ಹರಿಯುವಷ್ಟು ದಿನ ಮಾತ್ರ ಹಳ್ಳದಿಂದ ಕೆರೆಗೆ ದಾರಿ. ನೀರು ನಿಂತರೆ ದಾರಿ ಬಂದ್. ಗುಂಡಿ ಒಣಗುತ್ತದೆ, ಇವೂ ಒಣಗುತ್ತವೆ. ಮುಂದಿನ ಕೋಡಿ ಯಾವಾಗಲೋ, ಇನ್ನೊಂದು ಒಂಬತ್ತು ವರ್ಷಕ್ಕೋ.

ನುಣ್ಣಗೆ ಮಾಡಿದವರು ಯಾರು? ನಾವು. ಹಾಗಾದರೆ ಒರಟು ಮಾಡಿಕೊಡುವುದು ನಮ್ಮ ಕೆಲಸ. ಮಾಡುತ್ತೇನೆ.

೨-೧೦-೭೭, ಭಾನುವಾರ

ಬಾವಿ ಹಗ್ಗ ತಂದು ಕೋಡಿಯ ಕಲ್ಲಿಗೆ ಕಟ್ಟಿ ನಟ್ಟನಡುವೆ ಇಳಿಬಿಟ್ಟೆ. ನೀರಿನ ಸೆಳೆತಕ್ಕೆ ಹಗ್ಗ ಪಟಾರನೆ ಬಿಚ್ಚಿಕೊಂಡು ಹಳ್ಳ ಸೇರಿತು. ಬುದ್ಧಿ ಇದೆಯೇ ನನಗೆ. ಅವು ಹತ್ತುವುದು ಅಂಚಿನಲ್ಲಿ, ನಾನು ಹಗ್ಗ ಬಿಟ್ಟಿದ್ದು ಮಧ್ಯದಲ್ಲಿ.

ಮನೆಯಲ್ಲಿ ಅತ್ತೆಯ ರಾಗ: "ಬಾವಿ ಹಗ್ಗ ಎಲ್ಲೇ?" "ಹೊಳೆಗೆ ಹೋಯ್ತು." "ನೀರು ಯಾತರಲ್ಲೇ ಸೇದ್ತೀಯ, ಜಡೇಲಾ?"

ಅಟ್ಟದ ಮೇಲೆ ನನ್ನವರ ಹಗ್ಗದ ಮಂಚ ಇದೆ. ಕಾಮಾಲೆಯಲ್ಲಿ ಕೊನೆಗೆ ಮಲಗಿದ್ದು ಅದರ ಮೇಲೇ. ಆಮೇಲೆ ಯಾರೂ ಮಲಗಲಿಲ್ಲ, ಯಾರೂ ಎಸೆಯಲಿಲ್ಲ. ಏಣಿ ಹಾಕಿದೆ. ಬಸವರಾಜಪ್ಪನ ಹೆಂಡತಿ ಶಿವರುದ್ರಮ್ಮ ಬಂದಳು. ಗಂಡನ ಮುಂದೆ ಬಾಯಿ ಬಿಡದವಳು, ನನ್ನ ಹತ್ತಿರವೂ ಅಷ್ಟಕ್ಕಷ್ಟೇ. ಏನೂ ಕೇಳದೆ ಏಣಿ ಹಿಡಿದಳು. ಇಬ್ಬರೂ ಕೂತು ಹಗ್ಗ ಬಿಚ್ಚಿದೆವು. ಒಂದು ಸಲ ಮಾತ್ರ ಅಂದಳು, "ಭಾವ ಇದ್ದಿದ್ರೆ ನಗ್ತಿದ್ರು ಅಲ್ವೇನಕ್ಕ?"

ಇದ್ದಿದ್ದರೆ ಜೊತೆಗೆ ಬರುತ್ತಿದ್ದರು. ನಗುತ್ತಲೇ ಬರುತ್ತಿದ್ದರು. ಇರಲಿ. ಹಗ್ಗ ಗಟ್ಟಿಯಾಗಿದೆ.

೪-೧೦-೭೭, ಮಂಗಳವಾರ, ಬೆಳಿಗ್ಗೆ ಆರೂವರೆ

ಹತ್ತಿತು!!

ನಿನ್ನೆ ಎಡ ಅಂಚಿನಲ್ಲಿ ಹಗ್ಗವನ್ನು ಮಡಿಸಿ ಮಡಿಸಿ ಇಳಿಬಿಟ್ಟು, ಸಂದಿಗೆಲ್ಲ ತೆಂಗಿನ ನಾರು ತುರುಕಿ, ಮೇಲೆ ಕಲ್ಲು ಹೇರಿ ಬಂದಿದ್ದೆ. ಈಗ ನೋಡಿದರೆ ಹಗ್ಗ ಪೂರ್ತಿ ಜೀವ. ನಾರಿನ ಒಳಗೊಳಗೇ ನುಸುಳಿ, ಸಿಮೆಂಟು ದಾಟಿ, ಒಂದು ಮರಿ ತುದಿ ಮುಟ್ಟಿತು. ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಬಿದ್ದಿತ್ತು. ಆಮೇಲೆ ತಲೆ ಅಲ್ಲಾಡಿಸಿ ಕೆರೆಗೆ ಜಾರಿತು. ಅಷ್ಟೇ. ತಿರುಗಿ ನೋಡಲಿಲ್ಲ ಕಳ್ಳಮುಂಡೇದು.

ಕೆರೆ ಏರಿಯ ಮೇಲೆ ಒಬ್ಬಳೇ ಚಪ್ಪಾಳೆ ತಟ್ಟಿದೆ. ಈ ಊರಿಗೆ ಬಂದ ಮೇಲೆ ನನ್ನದು ಅಂತ ನಾನೇ ಮಾಡಿದ್ದು ಇದೊಂದು.

ಸಂಜೆ

ಸಂತೋಷಕ್ಕೆ ಕಲ್ಲು ಬಿತ್ತು. ನೀರುಗಂಟಿ ಗಂಗಯ್ಯ ಸಿಕ್ಕಿದ. ಕೆರೆ ತೂಬು ಬಿಡುವುದು, ಕಟ್ಟುವುದು, ಕೋಡಿ ಕಾಯುವುದು ಎಲ್ಲ ಅವನದೇ.

"ಹದಿನಾಲ್ಕನೇ ತಾರೀಕು ಶುಕ್ರವಾರ ಬಾಗಿನ ಕಣ್ರವ್ವ. ಪಿತೃಪಕ್ಷ ಮುಗೀಲಿ ಅಂತ ತಡೆದವ್ರೆ. ಎಮ್ಮೆಲ್ಲೆ ಬತ್ತಾರೆ. ಚೇರ್ಮನ್ರು ಹೇಳವ್ರೆ, ಗುರುವಾರ ಕೋಡಿ ಪಾಚಿಯೆಲ್ಲ ಉಜ್ಜಿ ತಗೀಬೇಕು, ಎಮ್ಮೆಲ್ಲೆ ಜಾರಿಗೀರಿ ಬಿದ್ದಾರು ಅಂತ. ಆಮ್ಯಾಲೆ ಪೂರ್ತಿ ಸುಣ್ಣ, ಕೆಮ್ಮಣ್ಣು ಪಟ್ಟಿ."

"ನನ್ನ ಹಗ್ಗ?"

"ಅದು ನಿಮ್ದಾ? ಯಾರೋ ಕಸ ಬಿಸಾಕವ್ರೆ ಅಂದ್ಕಂಡಿದ್ದೆ ನಾನು."

ಅಂಚಿಗೆ ಸುಣ್ಣ ಬಿದ್ದರೆ ನೀರಿನ ಜೊತೆ ಇಳಿದು ಗುಂಡಿ ಸೇರುತ್ತದೆ. ಹತ್ತುತ್ತಿರುವವೂ ಸಾಯುತ್ತವೆ, ಕಾಯುತ್ತಿರುವವೂ ಸಾಯುತ್ತವೆ. ಗಂಗಮ್ಮನಿಗೆ ಬಾಗಿನವಂತೆ. ಅವಳ ಹೊಟ್ಟೆಗೇ ಸುಣ್ಣ ಹುಯ್ದು ಮೊರದಲ್ಲಿ ಬಳೆ ಕೊಡುತ್ತಾರೆ.

೮-೧೦-೭೭, ಶನಿವಾರ

ಮೂರು ದಿನ ಬರೆಯಲಿಲ್ಲ. ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ.

ಬುಧವಾರ ಬಸವರಾಜಪ್ಪ ಊಟಕ್ಕೆ ಕೂತಾಗ ಹೇಳಿದೆ. ನಯವಾಗಿಯೇ. ಎಡ ಅಂಚು ಒಂದಿಷ್ಟು ಬಿಟ್ಟು ಬಳಿಯಿರಿ ಅಂದೆ. ಅವನು ಮುದ್ದೆ ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದ.

"ಮೀನಿಗೋಸ್ಕರ ಸುಣ್ಣ ನಿಲ್ಲಿಸ್ಬೇಕಾ? ನಾವೇನ್ ಮೀನ್ ತಿನ್ನೋರಾ?"

"ತಿನ್ನೋದಿಲ್ಲ ಅಂದ್ಮೇಲೆ ಸಾಯ್ಸೋದು ಯಾಕೆ?"

"ಅತ್ಗೆ, ಊರೆಲ್ಲ ನಗ್ತೈತೆ. ದಿನಾ ಬೆಳಗಾದ್ರೆ ಕೋಡಿ ಮ್ಯಾಲೆ ಕುಂತಿರ್ತಾರಂತೆ ಅಂತ. ಬ್ಯಾಡ ಅಂದಿದ್ನೋ ಇಲ್ವೋ? ಹೊಸ ನೀರಿಗೆ ನಿಮ್ಮ... ಬುಡಿ, ನನ್ನ ಬಾಯಲ್ಲಿ ಯಾಕೆ ಬರಿಸ್ತೀರ."

"ಬರಲಿ. ಪೂರ್ತಿ ಹೇಳು."

ಎದ್ದು ಕೈ ತೊಳೆದ. ಅತ್ತೆ ನನಗೇ ಬೈದರು. "ಗಂಡ್ಸಿಗೆ ಊಟದ ಹೊತ್ನಲ್ಲಿ ಎದುರು ಮಾತಾಡ್ತೀಯಲ್ಲೇ, ನಿನ್ನ ನಾಲ್ಗೆಗೆ ಬರೆ ಹಾಕ. ನಾನು ಈ ಮನೇಲಿ ಒಂದು ದಿನ ಮಾತಾಡಿದ್ನಾ?" ಇಲ್ಲ, ಮಾತಾಡಿಲ್ಲ. ಬಸವರಾಜು ಎದೆಹಾಲು ಬಿಡುವ ಮುಂಚೆಯೇ ಅವರ ಗಂಡ ಹೋದರು. ಅವತ್ತಿನಿಂದ ಹಿತ್ತಿಲು, ಒಲೆ, ಕೊಟ್ಟಿಗೆ. ನನಗೂ ಅದೇ ಪಾಠ ಕಲಿಸಲು ನೋಡಿದರು. ನಾನು ಒಳ್ಳೆ ಸ್ಟೂಡೆಂಟ್ ಅಲ್ಲ.

ನಯ ಆಯಿತು, ನ್ಯಾಯ ಆಯಿತು. ಇನ್ನು ಉಪಾಯ. ಇವತ್ತು ಗಂಗಯ್ಯನನ್ನೂ ಬಟ್ಟೆ ಒಗೆಯುವ ಹುಚ್ಚಕ್ಕನನ್ನೂ ಕರೆದು ಮರಿಗಳನ್ನು ತೋರಿಸಿದೆ. ಹುಚ್ಚಕ್ಕ ಹೌಹಾರಿದಳು. "ಹಾವಿನ್ ಮರಿ ಇದ್ದಂಗವೆ ಕಣವ್ವ!" ನಾನು ಕಣ್ಣು ಮಿಟುಕಿಸದೆ ಹೇಳಿದೆ — "ನಾಗಪ್ಪನ ಮರಿಗಳು. ಒಂಬತ್ತು ವರ್ಷಕ್ಕೆ ಕೆರೆ ನೋಡೋಕೆ ಬಂದಿವೆ. ಸುಣ್ಣ ಬಿದ್ದರೆ ಊರಿಗೆ ಒಳ್ಳೇದಲ್ಲ."

ಗಂಗಯ್ಯ ಚಪ್ಪಲಿ ಬಿಟ್ಟು ಕೈ ಮುಗಿದ. ಈಗ ಯಾವನು ಸುಣ್ಣ ಬಳಿಯುತ್ತಾನೋ ಬಳಿಯಲಿ.

ಕ್ಲಾಸಿನಲ್ಲಿ ಕಪ್ಪೆಯ ಜೀವನಚಕ್ರ, ಕೋಡಿಯ ಮೇಲೆ ನಾಗಪ್ಪ. ಪರವಾಗಿಲ್ಲ. ಕೆಲಸ ಆದರೆ ಸಾಕು.

೧೦-೧೦-೭೭, ಸೋಮವಾರ

ಅಯ್ಯೋ.

ನಿನ್ನೆ ಮಧ್ಯಾಹ್ನದಿಂದ ಹೆಂಗಸರು ಸಾಲು ಸಾಲು. ಚೊಂಬಿನಲ್ಲಿ ಹಾಲು, ಅರಿಶಿನ, ಕುಂಕುಮ. ನಾನು ಸಿದ್ಧಲಿಂಗೇಶ್ವರನ ಗುಡಿಗೆ ಅತ್ತೆಯನ್ನು ಕರೆದುಕೊಂಡು ಎಡೆಯೂರಿಗೆ ಹೋಗಿದ್ದೆ, ಗೊತ್ತೇ ಆಗಲಿಲ್ಲ. ಇವತ್ತು ಬೆಳಿಗ್ಗೆ ಹೋದರೆ ಅಂಚಿನ ನೀರೆಲ್ಲ ಹಳದಿ. ಹಗ್ಗದ ನಾರಿನಲ್ಲಿ ಹಾಲು ಒಡೆದು ಅಂಟಿಕೊಂಡಿದೆ. ಅದರೊಳಗೆ ಮರಿಗಳು. ಬಿಳುಚಿಕೊಂಡು ಸತ್ತಿವೆ. ಸಾಣಿಗೆಯಲ್ಲಿ ಎತ್ತಿದೆ. ತುಂಬಿತು. ಇನ್ನೊಂದು ಸಲವೂ ತುಂಬಿತು.

ಕೊಂದವಳು ನಾನು. ಹಾಲು ಹುಯ್ದವರದೇನು ತಪ್ಪು? ದೇವರು ಅಂತ ಹೇಳಿದರೆ ಅವರು ಮಾಡುವುದನ್ನೇ ಮಾಡಿದರು. ಇಪ್ಪತ್ತು ವರ್ಷ ಇದೇ ಸೀಮೆಯಲ್ಲಿ ಬದುಕಿ ಅಷ್ಟೂ ಗೊತ್ತಾಗಲಿಲ್ಲವೇ ನನಗೆ.

ಉಪಾಯವೂ ಉಲ್ಟಾ. ಬಸವರಾಜಪ್ಪ ಅಯ್ಯನೋರನ್ನು ಕೇಳಿಬಂದನಂತೆ. ನಾಗಶಾಂತಿ ಮಾಡಿಸಿ ಆಮೇಲೆ ಸುಣ್ಣ ಬಳಿದರೆ ದೋಷ ಇಲ್ಲವಂತೆ. ದೇವರಿಗೂ ಫೈನ್ ಕಟ್ಟಿ ಮುಗಿಸಿಬಿಟ್ಟರು!

ಹಗ್ಗ ಬಿಚ್ಚಿ, ಹಳ್ಳದ ನೀರಿನಲ್ಲಿ ಜಾಲಿಸಿ ಜಾಲಿಸಿ ಮತ್ತೆ ಕಟ್ಟಿದೆ. ಕೈ ಇನ್ನೂ ಅರಿಶಿನ. ಇನ್ನು ಸುಳ್ಳು ಹೇಳುವುದಿಲ್ಲ. ಸುಳ್ಳಿಗಿಂತ ಜಗಳ ವಾಸಿ.

೧೨-೧೦-೭೭, ಬುಧವಾರ, ಅಮಾವಾಸ್ಯೆ

ಎರಡು ದಿನ ಒಂದೂ ಬರಲಿಲ್ಲ. ಮುಗಿಯಿತು ಅಂದುಕೊಂಡಿದ್ದೆ. ಇವತ್ತು ಮುಸ್ಸಂಜೆ ಗುಂಡಿ ಕುದಿಯುತ್ತಿದೆ! ಮೊದಲಿಗಿಂತ ಹೆಚ್ಚು. ಹಳ್ಳದಲ್ಲಿ ಹಿಂದೆ ಉಳಿದವೆಲ್ಲ ಕತ್ತಲೆ ನೋಡಿಕೊಂಡು ಬಂದವೋ ಏನೋ. ಹಗ್ಗದ ಮೇಲೆ ಜಾಗವಿಲ್ಲ, ಒಂದರ ಮೇಲೊಂದು.

ಆದರೆ ಕೋಡಿ ನೀರು ಇಳಿದಿದೆ. ಮಳೆ ನಿಂತು ವಾರ ಆಯಿತು. ಇನ್ನು ಎರಡು ದಿನ, ಹೆಚ್ಚೆಂದರೆ ಮೂರು. ಅಷ್ಟರಲ್ಲಿ ಇವೆಲ್ಲ ಹತ್ತಬೇಕು. ನಾಳೆ ಬೆಳಿಗ್ಗೆ ತಂತಿ ಬ್ರಷ್ಷು, ಸುಣ್ಣದ ಮಡಕೆ.

ಹೆಡ್‌ಮಾಸ್ಟರಿಗೆ ಸಿ.ಎಲ್. ಕಳಿಸಿದೆ. ಕಾರಣ: ಸ್ವಂತ ಕೆಲಸ.

೧೩-೧೦-೭೭, ಗುರುವಾರ. ಕೋಡಿಯ ಮೇಲೆ

ಇಲ್ಲೇ ಕೂತು ಬರೆಯುತ್ತಿದ್ದೇನೆ. ಕಾಲು ನೀರಿನಲ್ಲಿ, ಪಕ್ಕಕ್ಕೆ ಹಗ್ಗ.

ಬೆಳಿಗ್ಗೆ ಗಂಗಯ್ಯ ಇಬ್ಬರು ಆಳುಗಳ ಜೊತೆ ಬಂದ. ತಲೆಯ ಮೇಲೆ ಸುಣ್ಣದ ಮಡಕೆ. ಅಡ್ಡ ಮಲಗಬೇಕು, ಬ್ರಷ್ಷು ಕಿತ್ತುಕೊಳ್ಳಬೇಕು, ಕಿರುಚಬೇಕು ಅಂತೆಲ್ಲ ಲೆಕ್ಕ ಹಾಕಿಕೊಂಡಿದ್ದೆ. ಏನೂ ಬೇಕಾಗಲಿಲ್ಲ. ನನ್ನನ್ನು ನೋಡಿದ್ದೇ ಮೂವರೂ ನಿಂತರು. ಮಡಕೆ ತಲೆಯ ಮೇಲೇ ಇದೆ, ಇಳಿಸುತ್ತಿಲ್ಲ.

"ಎದ್ದೇಳ್ರವ್ವ. ಪೂಜೆ ಸುಣ್ಣ ಇದು. ನಿಮ್ಮೆದ್ರುಗೆ ಇಳಿಸಂಗಿಲ್ಲ ನಾವು."

"ಯಾಕೆ?"

ನೆಲ ನೋಡಿದ. ಪಾಪ, ಒಳ್ಳೆಯವನು. "ಯಾಕೆ ಅಂದ್ರೆ... ನಿಮಗೆ ಗೊತ್ತಲ್ಲವ್ವ."

ಗೊತ್ತು. ಆರು ವರ್ಷದಿಂದ ಗೊತ್ತು. ಬೆಳಿಗ್ಗೆ ಎದುರು ಸಿಕ್ಕರೆ ಗಾಡಿ ಹಿಂದಕ್ಕೆ ತಿರುಗುತ್ತದೆ. ಕೊಬ್ಬರಿ ತುಂಬಿಕೊಂಡು ತಿಪಟೂರಿಗೆ ಹೊರಡುವ ದಿನ ನನ್ನನ್ನು ಒಳಗೆ ಕೂರಿಸಿ ಬಾಗಿಲು ಎಳೆಯುತ್ತಾರೆ. ಮದುವೆ ಮನೆಯಲ್ಲಿ ಕಂಬದ ಹಿಂದೆ ಎಲೆ. ಎಷ್ಟು ಸಲ ಅತ್ತಿದ್ದೇನೆ ಅದಕ್ಕೆ! ಇವತ್ತು ಮಡಕೆ ಹೊತ್ತು ಕುತ್ತಿಗೆ ನೋವಿಗೆ ಅತ್ತಿತ್ತ ವಾಲುತ್ತಿದ್ದ ಆ ಮೂವರನ್ನು ನೋಡಿ ಥಟ್ಟನೆ ಹೊಳೆಯಿತು.

"ಹಾಗಾದ್ರೆ ಇಳಿಸಬೇಡ ಗಂಗಯ್ಯ" ಅಂದೆ. "ನಾನು ಏಳೋದಿಲ್ಲ."

ನನ್ನನ್ನು ಅಪಶಕುನ ಮಾಡಿದವರು ನೀವೇ. ಈಗ ಅನುಭವಿಸಿ.

ಮಧ್ಯಾಹ್ನ

ಬಸವರಾಜಪ್ಪ ಬಂದಿದ್ದ. ಕೂಗಾಡಿದ. ಅತ್ತಿಗೆಯ ಮೈ ಮುಟ್ಟಿ ಎಬ್ಬಿಸುವ ಹಾಗಿಲ್ಲ, ಆಳುಗಳಿಗೆ ಹೇಳುವ ಹಾಗೂ ಇಲ್ಲ. ಏರಿಯ ಮೇಲೆ ಊರೆಲ್ಲ ನಿಂತು ನೋಡುತ್ತಿದೆ.

"ಕಿತ್ತೋಗಿರೋ ಹಗ್ಗಕ್ಕೆ ನನ್ ಮರ್ವಾದೆ ಕಳೀತಿದೀರಲ್ಲ! ಎಮ್ಮೆಲ್ಲೆಗೆ ಏನ್ ಹೇಳ್ಲಿ ನಾನು?"

"ನಮ್ಮತ್ಗೆ ಮೀನು ಕಾಯ್ತಾವ್ರೆ ಅಂತ ಹೇಳು."

"ಸಂಜೆ ಒಳ್ಗೆ ಎದ್ದು ಬರ್ನಿಲ್ಲ ಅಂದ್ರೆ ನಮ್ಮನೆ ಹೊಸ್ಲು ಮರ್ತುಬುಡಿ. ಹೇಳಿದೀನಿ."

"ಅದು ನನ್ನ ಗಂಡನ ಹೊಸ್ಲೂ ಹೌದು ಕಣಯ್ಯ. ಮರೆಯೋದು ಬಿಡೋದು ನನಗೆ ಬಿಟ್ಟಿದ್ದು."

ಬಾಯಿ ಜೋರಾಗಿ ಹೇಳಿತು. ಆದರೆ ಇವತ್ತು ಎಲ್ಲಿ ಮಲಗುವುದು?

ಮುಸ್ಸಂಜೆ

ಹುಚ್ಚಕ್ಕ ರಾಗಿ ರೊಟ್ಟಿ ತಂದುಕೊಟ್ಟಳು. ಅವಳ ಗುಡಿಸಲು ಏರಿ ಬುಡದಲ್ಲೇ. "ಬಂದು ಮನೀಕಳ್ರವ್ವ" ಅಂದಳು. ನಾಗಪ್ಪನ ಮರಿ ಅಂದಿದ್ದು ಸುಳ್ಳು ಕಣೇ, ಹಾಲು ಬಿದ್ದು ಸತ್ತವು ಅಂದೆ. "ನಮ್ ಕೈಲಿ ಪಾಪ ಮಾಡ್ಸಿದ್ರಲ್ಲವ್ವ" ಅಂದಳು. ಆದರೂ ಕೋಡಿ ಕಾಣುವ ಹಾಗೆ ಬಾಗಿಲಲ್ಲೇ ಚಾಪೆ ಹಾಸಿದಳು.

ಹತ್ತುತ್ತಲೇ ಇವೆ. ನೀರು ಮಾತ್ರ ಇನ್ನೂ ಇಳಿದಿದೆ.

೧೪-೧೦-೭೭, ಶುಕ್ರವಾರ, ಬೆಳಿಗ್ಗೆ ಏಳು

ಅಂಚಿನಲ್ಲಿ ನೀರು ಬರೀ ಪಸೆ. ಹಗ್ಗದ ಮೇಲ್ತುದಿ ಒಣಗುತ್ತಾ ಬಂದಿದೆ. ಬೊಗಸೆಯಲ್ಲಿ ಹಾಕುತ್ತಿದ್ದೇನೆ, ಸಾಲುತ್ತಿಲ್ಲ.

ಏರಿಯ ಮೇಲೆ ಯಾರೋ ಬರುತ್ತಿದ್ದಾರೆ. ಬಿಳಿ ಸೀರೆ. ಕೋಲು. ಅತ್ತೆ! ಬೈಯಲು ಬಂದಿದ್ದಾರೆ. ಬರಲಿ.

ಎಂಟು ಗಂಟೆ

ಬರೆಯಲೇಬೇಕು ಇದನ್ನು, ಕೈ ಒದ್ದೆಯಾದರೂ.

ಅತ್ತೆ ಸೆರಗಿನೊಳಗಿಂದ ಚೊಂಬು ತೆಗೆದರು. ಕಾಫಿ. "ಸಕ್ರೆ ಹಾಕಿದೀನಿ, ಎರಡು ಚಮಚ. ಕುಡಿದು ಎದ್ದೇಳು. ಮಾನ ಹೋಗ್ತೈತೆ." ಕುಡಿದೆ. ಏಳಲಿಲ್ಲ. ಮಂಡಿ ನೋವು ಅಂತ ಪಕ್ಕದಲ್ಲೇ ಕೂತರು. ಕಾಲು ನೀರಿಗೆ ಬಿಟ್ಟರು. ಬೈಯುವುದಕ್ಕೆ ಬಾಯಿ ತೆರೆದವರು ಬಗ್ಗಿ ಕಾಲು ನೋಡಿಕೊಂಡರು. ಒಂದು ಮರಿ ಅವರ ಪಾದದ ಮೇಲೆ ಹತ್ತಿತ್ತು. ಕಾಲುಂಗುರದ ಹಳೇ ಕಲೆ ಇದೆಯಲ್ಲ, ಆ ಬೆರಳಿನ ಮೇ‌ಲೆ.

"ಕಚ್ತೈತೇನೇ?"

"ಇಲ್ಲ ಅತ್ತೆ. ಮೇಲಕ್ಕೆ ಹೊರಟಿದೆ ಅಷ್ಟೇ."

ಕಾಲು ಅಲ್ಲಾಡಿಸಲಿಲ್ಲ. ಅದು ದಾಟಿ ಹಗ್ಗ ಸೇರುವವರೆಗೂ ಉಸಿರು ಬಿಗಿಹಿಡಿದು ಕೂತಿದ್ದರು. ಆಮೇಲೆ ಕೆರೆ ಕಡೆ ತಿರುಗಿ ಬಹಳ ಹೊತ್ತು ನೋಡಿದರು.

"ಇಷ್ಟು ದೊಡ್ದಾ ಇದು?"

"ನೋಡಿಲ್ವಾ ನೀವು?"

"ಮದ್ವೆಯಾದ ವರ್ಷ ಒಂದು ಸಲ ಬಾಗಿನ ಹಿಡ್ಕಂಡು ಬಂದಿದ್ದೆ. ಆಗ ತಲೆ ಬಗ್ಗಿಸ್ಕಂಡಿದ್ದೆ ಕಣೇ, ಹೊಸ ಸೊಸೆ ಅಲ್ವಾ. ಆಮ್ಯಾಲೆ ಅವ್ರು ಹೋದ್ರು. ಯಾರೂ ಬಾ ಅನ್ನಲಿಲ್ಲ. ನಾನೂ ಬರಲಿಲ್ಲ."

ಮನೆಯಿಂದ ಇಲ್ಲಿಗೆ ಒಂದು ಕೂಗಳತೆ. ಒಂದು ಜನ್ಮ ಕಳೆದುಬಿಟ್ಟರು. ನನಗೆ ಅಳು ಬಂತು. ಅವರಿಗೆ ಬರಲಿಲ್ಲ. ಖಾಲಿ ಚೊಂಬನ್ನು ಕೆರೆಗೆ ಅದ್ದಿ ಹಗ್ಗದ ತುದಿಗೆ ನೀರು ಹುಯ್ದರು.

ಬಸವರಾಜಪ್ಪ ಜರಿ ಪಂಚೆ ಉಟ್ಟು ಓಡಿಬಂದ. "ಅವ್ವಾ! ನೀನೂನಾ? ಏಳವ್ವ, ಜೀಪು ಬರೋ ಹೊತ್ತಾಯ್ತು. ಅಪಶಕುನ..."

"ಇವ್ಳು ಅಪಶಕುನ ಆದ್ರೆ ನಾನೂ ಅಪಶಕುನವೇ ಕಣ್ಲಾ. ನನ್ನ ಹಾಲು ಕುಡಿದೋನು ನೀನ್ಯಾವ ಸೀಮೆ ಶಕುನ? ಹೋಗು, ಬಿಸ್ಲಿಗೆ ಅಡ್ಡ ನಿಂತ್ಕಬ್ಯಾಡ. ಅಲ್ಲ, ನಿಂತ್ಕೋ. ನೆಳ್ಳಾಗ್ತೈತೆ, ಹಗ್ಗ ಒಣಗಾಕಿಲ್ಲ."

ಏರಿಯ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಅವನು ನಿಲ್ಲಲಿಲ್ಲ. ಹೋದ.

ಒಂಬತ್ತೂವರೆ

ಹುಚ್ಚಕ್ಕ ಬಂದು ಸುದ್ದಿ ಹೇಳಿದಳು. ಬಾಗಿನ ತೂಬಿನ ಹತ್ತಿರ ಅಂತ ತೀರ್ಮಾನವಾಯಿತಂತೆ. ಸುಣ್ಣದ ಮಡಕೆಗಳು ಆ ಕಡೆ ಹೋದವು. ತೂಬಿನ ಕಂಬಕ್ಕೆ ಬಳಿಯುತ್ತಿದ್ದಾರೆ. ಬಳಿದುಕೊಳ್ಳಲಿ! ಊರ ತುಂಬ ಬಳಿದುಕೊಳ್ಳಲಿ!

ಹುಚ್ಚಕ್ಕ ಹೋಗಲಿಲ್ಲ. ಅವಳಿಗೂ ಗಂಡನಿಲ್ಲ. "ನನ್ ಕಡೆಯಿಂದ್ಲೂ ಒಂದಿಷ್ಟು ಪಾಪ ಕಳೀಲಿ" ಅಂತ ಬಿಂದಿಗೆ ತಂದು ಕೂತಿದ್ದಾಳೆ. ಮೂರು ಜನ ಅಪಶಕುನಗಳು. ಕೋಡಿ ನಮ್ಮದು.

ನಡುವಿನ ಹರಿವೂ ನಿಲ್ಲುತ್ತಾ ಬಂದಿದೆ. ಗುಂಡಿಯಲ್ಲಿ ಉಳಿದವು ಇನ್ನು ಸ್ವಲ್ಪವೇ. ಎಲ್ಲ ಹಗ್ಗದ ಬುಡದಲ್ಲಿವೆ. ಮಧ್ಯಾಹ್ನದವರೆಗೆ ಒದ್ದೆ ಇಟ್ಟರೆ ಸಾಕು.

ಹತ್ತೂಕಾಲು

ಜೀಪು ಬಂತು. ತಮಟೆ, ಹಾರ, ಜೈಕಾರ, ಎಲ್ಲ ಆ ತುದಿಯಲ್ಲಿ. ಮುತ್ತೈದೆಯರ ಸಾಲು ಏರಿಯ ಮೇಲೆ ತೂಬಿನ ಕಡೆ ಹೊರಟಿದೆ. ಚೇರ್ಮನ್ ಹೆಂಡತಿ ಅಂತ ಶಿವರುದ್ರಮ್ಮ ಎಲ್ಲರಿಗಿಂತ ಮುಂದೆ. ಹಸಿರು ಸೀರೆ, ಕೈಯಲ್ಲಿ ಬಾಗಿನದ ಮೊರ.

ನಿಂತಳು. ಇತ್ತ ನೋಡುತ್ತಿದ್ದಾಳೆ.

ಬಸವರಾಜಪ್ಪ ಏನೋ ಕೂಗುತ್ತಿದ್ದಾನೆ. ತಮಟೆ ನಿಂತಿತು. ಶಿವರುದ್ರಮ್ಮ ಸಾಲು ಬಿಟ್ಟಳು! ಏರಿ ಇಳಿಯುತ್ತಿದ್ದಾಳೆ, ಒಬ್ಬಳೇ, ಮೊರ ಎದೆಗವಚಿಕೊಂಡು ನಮ್ಮ ಕಡೆಗೆ. ನೀರು ಎಲ್ಲಿ ಹರಿಯುತ್ತೋ ಬಾಗಿನ ಅಲ್ಲಿಗೇ ಅಲ್ಲವೇ ಅಂತ ಗಟ್ಟಿಯಾಗಿ ಹೇಳುತ್ತಿದ್ದಾಳೆ. ಶಿವರುದ್ರಮ್ಮ! ಗಟ್ಟಿಯಾಗಿ! ಹಿಂದಿನಿಂದ ಇನ್ನೊಬ್ಬಳೂ ಸಾಲು ಬಿಟ್ಟಳು. ಇನ್ನೂ ಒಬ್ಬಳು—

ಅತ್ತೆ ತಲೆ ಎತ್ತಿ ನೋಡಲೂ ಇಲ್ಲ. "ಬರೆದಿದ್ದು ಸಾಕು ಬುಡೇ. ತುದಿ ಒಣಗ್ತೈತೆ, ಇದೊಂದು ಅಲ್ಲೇ ಸಿಕ್ಕಾಕ್ಕಂಡೈತೆ, ನೀರು ಹಾಕು" ಅನ್ನುತ್ತಿದ್ದಾರೆ. ಹಾಕುತ್ತೇನೆ, ಹಾಕು—